ಒಂದು ಅಡ್ಡಗೆರೆ ಕಡಿಮೆ

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರಿಗೇನೂ ಬರವಿಲ್ಲ. ಕೌಲ್ ಬಜಾರಿನಲ್ಲಿ ನನ್ನ ಷಡ್ಡಕನದೂ ಅಂಥದ್ದೊಂದು ಸಣ್ಣ ಘಟಕವಿದೆ. ಪ್ಯಾಂಟಿನ ಲೇಬಲ್ಲನ್ನು ತಾನೇ ಕಂಪ್ಯೂಟರಿನಲ್ಲಿ ಬಿಡಿಸಬೇಕೆಂಬ ಹುಕಿ ಅವನಿಗೆ ಹುಟ್ಟಿದಾಗ, ಅಲ್ಲಿದ್ದ, ವಿಂಡೋಸ್ ಬದಲು ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಯಲ್ಲಿ ಓಡುವ ಹಳೆಯ ಯಂತ್ರಕ್ಕೆ ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶ ಹಾಕಿಕೊಡುವ ಹೊಣೆ ನನ್ನ ಕೊರಳಿಗೆ ಬಿತ್ತು.

ಅಲ್ಲಿ ತಂತ್ರಾಂಶ ಹಾಕಲು ಟೈಪಿಸುವ ಆಪ್ಟ್-ಗೆಟ್ ಎಂಬ ಆದೇಶವು, ಉಬುಂಟುವಿಗೆ ಮೂಲವಾದ ಡೆಬಿಯನ್ ವ್ಯವಸ್ಥೆಯ 1999ರ 2.1 ಆವೃತ್ತಿಯ ಕಾಲದಿಂದ ತಂತ್ರಾಂಶಗಳನ್ನು ಹೊತ್ತು ತರುತ್ತಿರುವ ಹಳೆಯ ಆಳು. ‘ಮುಂದುವರಿಯಲೇ?’ ಎಂದು ಅದು ಕೇಳುವ ಮೊದಲೇ ಹೂಂಗುಟ್ಟಬೇಕೆಂದರೆ ಎರಡು ಅಡ್ಡಗೆರೆ ಎಳೆದು ‘ಯೆಸ್’ ಎನ್ನಬೇಕು, ಇಲ್ಲವೇ ಒಂದು ಗೆರೆ ಎಳೆದು ‘ವೈ’ ಎಂದಷ್ಟೇ ಬರೆಯಬೇಕು. ನಾನು ಒಂದೇ ಗೆರೆಗೆ ಇಡೀ ‘ಯೆಸ್’ ಅನ್ನು ತಗುಲಿಸಿದೆ. ಒಂಟಿ ಗೆರೆಯ ಹಿಂದೆ ಬರುವುದು ಪದವಲ್ಲ, ಬಿಡಿ ಅಕ್ಷರಗಳ ಸಾಲು ಎಂಬುದು ಅದರ ವ್ಯಾಕರಣವಾದ್ದರಿಂದ, ಒಂದನೇ ತರಗತಿಯ ಹುಡುಗನಂತೆ ವೈ, ಇ, ಎಸ್ ಎಂದು ಬಿಡಿಸಿ ಓದಿಕೊಂಡು, ‘ಇ’ ಎಂಬ ಆಯ್ಕೆಯನ್ನು ತಾನರಿಯೆನೆಂದು ಮುಖ ತಿರುಗಿಸಿತು.

ಅಲ್ಲಿಗೇ ಕೈಪಿಡಿ ತೆರೆದಿದ್ದರೆ ಮರ್ಯಾದೆ ಉಳಿಯುತ್ತಿತ್ತು. ‘ಇ’ ಬೇಡವೆಂದರೆ ಕಿತ್ತರಾಯಿತೆಂದು ವೈ, ಎಸ್ ಎರಡನ್ನೇ ಉಳಿಸಿ ಎಂಟರ್ ಒತ್ತಿದೆ. ‘ಇನ್‌ಸ್ಟ್’, ‘ಕಾನ್ಫ್’ ಎಂದು ಶುರುವಾಗುವ ಸಾಲುಗಳು ಪರದೆಯ ಮೇಲೆ ಸರಸರನೆ ಇಳಿದು ನಿಂತವು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದದ್ದಕ್ಕೆ ಅನುಮಾನ ಬರಬೇಕಿತ್ತು, ಬಂದದ್ದು ಹೆಮ್ಮೆ. ಷಡ್ಡಕ ಖುಷಿಯಾಗಿ ಒಗ್ಗರಣೆ-ಮಿರ್ಚಿ ತರಿಸಿದ.

ಎಣ್ಣೆಗೈ ಒರೆಸಿಕೊಂಡು ಹುಡುಕಿದರೆ ಇಂಕ್‌ಸ್ಕೇಪ್ ಎಲ್ಲಿಯೂ ಇಲ್ಲ. ‘ಎಸ್’ ಎಂದರೆ ಸಿಮ್ಯುಲೇಟ್, ಅಂದರೆ ಏನೇನು ಮಾಡುವೆನೆಂದು ಹೇಳುವುದಷ್ಟೇ ಹೊರತು ಮಾಡುವುದಲ್ಲ ಎಂಬುದು ಆಮೇಲೆ ತಿಳಿಯಿತು. ಸಾಮಾನ್ಯ ಬಳಕೆದಾರ ಹೀಗೆ ಮಾಡಿದರೆ ‘ಇದು ಬರೀ ಅಣಕು’ ಎಂದು ಅದು ಎಚ್ಚರಿಸುತ್ತದೆ. ನಾನು ಠೀವಿಯಿಂದ, ಯಂತ್ರದ ಯಜಮಾನನ ಅಧಿಕಾರ ಕೊಡುವ ‘ಸುಡೋ’ ಎಂಬ ಪದವನ್ನು ಆದೇಶದ ಮುಂದೆ ಹಚ್ಚಿದ್ದರಿಂದ, ಧಣಿಗೆ ಎಲ್ಲವೂ ಗೊತ್ತಿರುತ್ತದೆಂದು ಬಾಯಿ ಮುಚ್ಚಿಕೊಂಡಿತ್ತು. ಅದರ ಸಹಾಯ ಪುಟದ ಕೊನೆಯಲ್ಲಿ ‘ಈ ಆಪ್ಟ್‌ಗೆ ಮಹಾಹಸುವಿನ ಶಕ್ತಿಗಳಿವೆ’ ಎಂಬರ್ಥದ ಚೇಷ್ಟೆಯ ಸಾಲೊಂದಿದೆ. ಇರಬಹುದು, ನನಗಂತೂ ಕೆಚ್ಚಲು ತೋರಿಸಿ ಬರಿಗಿಂಡಿ ಕೊಟ್ಟು ಕಳಿಸಿತು.

ಇಷ್ಟನ್ನೂ ವಿವರಿಸಿ, ಆದದ್ದೆಲ್ಲ ನಟನೆಯೆಂದು ಒಪ್ಪಿಕೊಂಡಾಗ ಷಡ್ಡಕ ಖಾಲಿ ತಟ್ಟೆಯತ್ತ ನೋಡಿ ಹೇಳಿದ: “ಮಿರ್ಚಿ ಮಾತ್ರ ಖರೇನ ತಿಂದಿ.”