ಡಯಾನಾ ಮರೆತ ಮೊದಲ ಪಾಠ

ಪ್ಯಾಟಿ ಜೆಂಕಿನ್ಸ್ ನಿರ್ದೇಶನದ ‘ವಂಡರ್ ವುಮನ್ 1984’ ಚಿತ್ರವನ್ನು ಈಚೆಗೆ ಮತ್ತೊಮ್ಮೆ ನೋಡಿದೆ. 2020ರ ಡಿಸೆಂಬರ್‌ನಲ್ಲಿ ಅದು ಬಿಡುಗಡೆಯಾದಾಗ ಆಗಿದ್ದ ನಿರಾಸೆಗೆ ಕೋವಿಡ್ ಕಾಲದ ಕುಗ್ಗಿದ ಮನಸ್ಸೇ ಕಾರಣವಿರಬೇಕೆಂದು ಇಷ್ಟು ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಕಾರಣ ಅದಲ್ಲವೆಂಬುದು ಈಗ ಖಾತ್ರಿಯಾಯಿತು. ಮೊದಲ ಚಿತ್ರ ‘ವಂಡರ್ ವುಮನ್’ 82 ಕೋಟಿ ಡಾಲರ್‌ಗೂ ಮಿಕ್ಕಿ ಗಳಿಸಿದ್ದರೆ ಎರಡನೆಯದು 17 ಕೋಟಿ ಡಾಲರ್ ಆಸುಪಾಸಿನಲ್ಲೇ ನಿಂತಿತು. ಗಳಿಕೆಯ ಮಟ್ಟಿಗೆ ಸಾಂಕ್ರಾಮಿಕವನ್ನೂ, ಅಮೆರಿಕದಲ್ಲಿ ಚಿತ್ರಮಂದಿರಕ್ಕೆ ಬಂದ ದಿನವೇ ಎಚ್‌ಬಿಒ ಮ್ಯಾಕ್ಸ್ ಸ್ಟ್ರೀಮಿಂಗ್ ತಾಣದಲ್ಲೂ ಬಂದದ್ದನ್ನೂ ಹೊಣೆ ಮಾಡಬಹುದು. ಕಥೆ ಸೋತದ್ದಕ್ಕೆ ಆ ನೆಪ ಸಾಲದು.

2017ರ ಚಿತ್ರವನ್ನು ನೆನೆದಾಗಲೆಲ್ಲ ಮೊದಲು ಕಣ್ಣಿಗೆ ಕಟ್ಟುವುದು ಮೊದಲ ಮಹಾಯುದ್ಧದ, 1918ರ ಬೆಲ್ಜಿಯಂನ ಆ ಕೆಸರು ಕಂದಕ. ಮಗುವನ್ನು ಅವಚಿಕೊಂಡ ತಾಯಿಯೊಬ್ಬಳು ವಂಡರ್ ವುಮನ್ ಡಯಾನಾಳ ಕೈ ಹಿಡಿದು ತನ್ನ ಹಳ್ಳಿಗೆ ಬಂದ ಗತಿಯನ್ನು ಹೇಳುತ್ತಾಳೆ. ಎಲ್ಲರನ್ನೂ ಕಾಪಾಡಲು ನಮ್ಮಿಂದಾಗದು, ಬಂದ ಕೆಲಸ ಬೇರೆಯೇ ಇದೆ ಎಂದು ಜೊತೆಗಿರುವ ಪೈಲಟ್, ಅವಳ ಪ್ರಿಯಕರನಾಗುವ ಸ್ಟೀವ್ ತಿಳಿಹೇಳುತ್ತಾನೆ. ಅವಳು ಅವನಿಗೆ ಬೆನ್ನು ತಿರುಗಿಸಿ ನಿಂತು, ಕೂದಲು ಬಿಚ್ಚಿ, ಹಣೆಪಟ್ಟಿ ಕಟ್ಟಿ, ಮೈಮೇಲಿನ ಕೋಟನ್ನು ಕಳಚಿ ಏಣಿ ಹತ್ತುತ್ತಾಳೆ. ಮೊದಲ ಗುಂಡು ಕೈಕಡಗಕ್ಕೆ ಬಡಿದು ಸಿಡಿಯುವವರೆಗೆ ಇದು ಸಾಧ್ಯವೆಂದು ಯಾರೂ ನಂಬಿರುವುದಿಲ್ಲ. ಮುಂದೆ ಮಷಿನ್‌ಗನ್ನುಗಳೆಲ್ಲ ಅವಳ ಗುರಾಣಿಯ ಮೇಲೆಯೇ ಗುಂಡು ಸುರಿಸುವಾಗ, ಮೊಣಕಾಲೂರಿ, ಒಂದಿಂಚೂ ಮುಂದೆ ಹೋಗಲಾರದೆ ಕುಳಿತುಬಿಡುತ್ತಾಳಲ್ಲ, ಆ ಕ್ಷಣ ನನಗೆ ಬಹಳ ಮುಖ್ಯ. ದೇವಕನ್ಯೆಗೂ ಭಾರವಾಗುವ ಕೆಲಸ ಅದು. ಅವಳು ಆ ಭಾರ ಹೊತ್ತದ್ದರಿಂದಲೇ ಉಳಿದ ಸೈನಿಕರಿಗೆ ದಾರಿ ತೆರೆಯುತ್ತದೆ. ಹಾಗೆ ಉಳಿಸಿಕೊಂಡ ಹಳ್ಳಿಯಲ್ಲಿ ಆ ರಾತ್ರಿ ಹಿಮ ಸುರಿಯುತ್ತದೆ, ಜನ ಕುಣಿಯುತ್ತಾರೆ, ಮತ್ತು ಮರುದಿನವೇ ವಿಷಾನಿಲಕ್ಕೆ ಸಿಕ್ಕಿ ಇಡೀ ಹಳ್ಳಿ ಸಾಯುತ್ತದೆ. ಗೆದ್ದದ್ದನ್ನು ಕೂಡ ಕಳೆದುಕೊಳ್ಳಬೇಕಾಗುತ್ತದೆಂಬ ಕಠಿಣ ಸತ್ಯವನ್ನು ಸೂಪರ್‌ಹೀರೊ ಚಿತ್ರವೊಂದು ಇಷ್ಟು ನೇರವಾಗಿ ಹೇಳಿದ್ದು ನನಗೆ ಆಗ ಆಶ್ಚರ್ಯವೆನಿಸಿತ್ತು. ಕೊನೆಯಲ್ಲಿ ಯುದ್ಧದೇವತೆ ಏರೀಸ್‌ನೊಂದಿಗಿನ ಕಾಳಗ ಬೆಂಕಿ, ಸಿಡಿಲು, ಕಬ್ಬಿಣದ ಚೂರುಗಳ ಗದ್ದಲವಾಯಿತು, ನಿಜ. ಆದರೆ ಆ ಗದ್ದಲದ ನಡುವೆಯೂ ಸ್ಟೀವ್ ತನ್ನ ತಂದೆಯ ಗಡಿಯಾರವನ್ನು ಅವಳ ಕೈಗಿತ್ತು ಸಾವಿನೆಡೆಗೆ ಹೊರಟುಹೋದದ್ದು ಮಾಸಲಿಲ್ಲ.

ಎರಡನೆಯ ಚಿತ್ರದ ಆರಂಭ ಸೊಗಸಾಗಿಯೇ ಇದೆ. ಪುಟ್ಟ ಡಯಾನಾ ದೊಡ್ಡವರ ಪಂದ್ಯದಲ್ಲಿ ಕುದುರೆಯಿಂದ ಬಿದ್ದು, ಅಡ್ಡದಾರಿ ಹಿಡಿದು ಮುಂದೆ ಬರುತ್ತಾಳೆ. ಗುರಿ ಇನ್ನೇನು ಕೈಗೆ ಸಿಗಬೇಕು ಎನ್ನುವಾಗ ಚಿಕ್ಕಮ್ಮ ಆಂಟಿಯೊಪಿ ಅವಳನ್ನು ತಡೆದು ನಿಲ್ಲಿಸಿ, ಸುಳ್ಳಿನಿಂದ ಯಾವ ನಿಜವಾದ ವೀರರೂ ಹುಟ್ಟುವುದಿಲ್ಲವೆಂದು ಬುದ್ಧಿ ಹೇಳುತ್ತಾಳೆ. ಇಷ್ಟು ಸ್ಪಷ್ಟವಾಗಿ ತನ್ನ ಮಾತನ್ನು ಇಟ್ಟ ಚಿತ್ರ, ಅಲ್ಲಿಂದ ಮುಂದೆ ಎದುರಾದ ಪ್ರತಿ ಕಷ್ಟದಲ್ಲೂ ತಾನೇ ಅಡ್ಡದಾರಿ ಹಿಡಿಯುತ್ತದೆ.

ಕೇಳಿದ ವರ ಕೊಟ್ಟು, ಕೇಳಿದವರ ಬಳಿ ಇರುವ ಅತಿ ಅಮೂಲ್ಯವಾದುದನ್ನು ಕಿತ್ತುಕೊಳ್ಳುವ ಕಲ್ಲೊಂದು ಕಥೆಯ ಕೇಂದ್ರ; ಡಯಾನಾ ಅದರಿಂದ ಸತ್ತ ಸ್ಟೀವ್‌ನನ್ನು ಮರಳಿ ಪಡೆಯುತ್ತಾಳೆ, ಬದಲಿಗೆ ಅವಳ ಶಕ್ತಿ ಕುಂದುತ್ತದೆ. ವರಕ್ಕೆ ಬೆಲೆ ತೆರಬೇಕೆಂಬ ಕಲ್ಪನೆ ಪುರಾಣ ಕೇಳಿ ಬೆಳೆದವರಿಗೆ ಹೊಸದಲ್ಲ, ಅದರ ಬಲವೂ ನಮಗೆ ಗೊತ್ತು. ಅಂಥ ಕಥೆಗಳ ಜೀವವಿರುವುದು ಷರತ್ತಿನಲ್ಲಿ. ಷರತ್ತು ಸಡಿಲವಾದರೆ ಕಥೆ ಉಳಿಯುವುದಿಲ್ಲ. ಇಲ್ಲಿ ಉದ್ಯಮಿ ಮ್ಯಾಕ್ಸ್‌ವೆಲ್ ಲಾರ್ಡ್ ಆ ಕಲ್ಲೇ ತಾನಾಗುತ್ತಾನೆ, ಮೈ ಮುಟ್ಟಿ ವರ ಕೊಡುತ್ತಾನೆ, ಆಮೇಲೆ ಉಪಗ್ರಹದ ಮೂಲಕ ಜಗತ್ತನ್ನೇ ‘ಮುಟ್ಟುತ್ತಾನೆ’; ಡಯಾನಾಳ ಸಹೋದ್ಯೋಗಿ ಬಾರ್ಬರಾಳಿಗಂತೂ ಎರಡನೆಯ ವರವೂ ಸಿಗುತ್ತದೆ. ಪೆಡ್ರೊ ಪಾಸ್ಕಲ್ ಲಾರ್ಡ್‌ನ ಪಾತ್ರಕ್ಕೆ ಜೀವ ತುಂಬಿದ್ದಾರೆ, ಬೆವರಿದ ಮುಖದ ಹಿಂದೆ ಸೋಲಿಗೆ ಹೆದರುವ ಮನುಷ್ಯನನ್ನು ತೋರಿಸಿದ್ದಾರೆ. ಕೊನೆಗೆ ಎಲ್ಲರೂ ತಮ್ಮ ಆಸೆಯನ್ನು ಹಿಂತೆಗೆದುಕೊಂಡರೆ ಹಾರಿದ ಕ್ಷಿಪಣಿಗಳೂ ಮಾಯ, ಜಗತ್ತು ಮೊದಲಿನಂತೆ. ಬೆಲ್ಜಿಯಂನ ಆ ಹಳ್ಳಿಗೆ ಇಂಥ ಸೌಲಭ್ಯವಿರಲಿಲ್ಲ.

ಶಕ್ತಿಗಳ ವಿಷಯದಲ್ಲೂ ಇದೇ ಧಾರಾಳ. ವಿಮಾನವನ್ನು ರಡಾರ್‌ನಿಂದ ಮರೆಮಾಡಬೇಕಾದಾಗ, ವಸ್ತುಗಳನ್ನು ಅದೃಶ್ಯ ಮಾಡುವ ವಿದ್ಯೆಯನ್ನು ತಾನು ಅಭ್ಯಾಸ ಮಾಡುತ್ತಿರುವುದಾಗಿಯೂ, ಐವತ್ತು ವರ್ಷಗಳಲ್ಲಿ ಮಾಯ ಮಾಡಲಾದದ್ದು ಒಂದೇ ಒಂದು ಕಾಫಿ ಕಪ್ ಎಂದೂ ಡಯಾನಾ ಹೇಳುತ್ತಾಳೆ. ಅದಾದ ಕೆಲವೇ ಕ್ಷಣಗಳಲ್ಲಿ ಇಡೀ ಜೆಟ್ ಕಣ್ಮರೆಯಾಗುತ್ತದೆ. ಮೊದಲ ಮಹಾಯುದ್ಧದ ಪೈಲಟ್ ಸ್ಟೀವ್ ಆ ಜೆಟ್ಟನ್ನು ಸಲೀಸಾಗಿ ಓಡಿಸುವುದನ್ನು ನಾನು ಹೇಗೋ ಒಪ್ಪಿಕೊಂಡೆ. ಕಾಫಿ ಕಪ್ಪನ್ನು ಒಪ್ಪಿಕೊಳ್ಳಲಾಗಲಿಲ್ಲ, ಏಕೆಂದರೆ ಹಿಂದಿನ ಚಿತ್ರದಲ್ಲಿ ಅವಳ ಒಂದೊಂದು ಶಕ್ತಿಯೂ ಅವಳಿಗೇ ಗಾಬರಿ ಹುಟ್ಟಿಸುತ್ತ ಹೊರಬಂದಿತ್ತು.

ಚಿತ್ರ ಪೂರ್ತಿ ಬರಡೆಂದರೆ ಅನ್ಯಾಯವಾದೀತು. ತನ್ನ ಶಕ್ತಿ ಮರಳಬೇಕಾದರೆ ಸ್ಟೀವ್‌ನನ್ನು ಮತ್ತೆ ಕಳೆದುಕೊಳ್ಳಬೇಕೆಂದು ತಿಳಿದ ಡಯಾನಾ, ಗಲಭೆಯೆದ್ದ ಬೀದಿಯಲ್ಲಿ ಅವನನ್ನು ಬಿಟ್ಟು, ತಿರುಗಿ ನೋಡದೆ, ಅಳುತ್ತ ಓಡುವ ದೃಶ್ಯದಲ್ಲಿ ಗಾಲ್ ಗ್ಯಾಡೋಟ್ ಮನಕರಗಿಸುತ್ತಾರೆ. ಹಾರಾಟವೆಂದರೆ ಗಾಳಿಯನ್ನು ಅರಿತು ಅದರೊಂದಿಗೆ ಸಾಗುವುದಷ್ಟೇ ಎಂದು ಹಿಂದೆ ಅವನು ಹೇಳಿದ್ದ ಮಾತೇ ಈಗ ಅವಳನ್ನು ಆಕಾಶಕ್ಕೇರಿಸುತ್ತದೆ. ಅರವತ್ತಾರು ವರ್ಷ ಒಬ್ಬನ ನೆನಪಿನಲ್ಲೇ ಬದುಕಿದ ಹೆಂಗಸಿನ ಕಥೆಯಾಗಿ ಇಡೀ ಚಿತ್ರವನ್ನು ಕಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆಗ ಅನಿಸಿ ಸಂಕಟವಾಗುತ್ತದೆ. ಅದರ ಬೆನ್ನಿಗೇ ಚಿನ್ನದ ಕವಚ, ಚೀತಾ ಆಗಿ ಬದಲಾದ ಬಾರ್ಬರಾ, ಕತ್ತಲಿನ ಹೊಡೆದಾಟ.

ಸ್ಟೀವ್ ಮರಳಿದ್ದು ಬೇರೊಬ್ಬನ ದೇಹದಲ್ಲಿ. ಆ ಮನುಷ್ಯನ ಮನೆ, ಬಟ್ಟೆ, ಮೈ ಎಲ್ಲವನ್ನೂ ಇವರಿಬ್ಬರು ಬಳಸಿಕೊಳ್ಳುತ್ತಾರೆ; ಅವನನ್ನು ಕೇಳಿದವರಿಲ್ಲ, ಚಿತ್ರದಲ್ಲಿ ಅವನಿಗೊಂದು ಹೆಸರೂ ಇಲ್ಲ. ಕೊನೆಯಲ್ಲಿ ಕ್ರಿಸ್‌ಮಸ್ ಹಿಮದ ನಡುವೆ ಅವನು ಡಯಾನಾಳಿಗೆ ಎದುರಾಗಿ ಸೌಜನ್ಯದಿಂದ ಮಾತನಾಡಿಸುತ್ತಾನೆ. ಸತ್ಯ ನುಡಿಸುವ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು ತಿರುಗುವವಳು ಅವನ ಉಡುಪು ಚೆನ್ನಾಗಿದೆ ಎಂದು ಮೆಚ್ಚಿಕೊಂಡು, ನಡೆದದ್ದರ ಬಗ್ಗೆ ಒಂದು ಮಾತೂ ಆಡದೆ, ನಗುತ್ತ ಮುಂದೆ ಹೋಗುತ್ತಾಳೆ.