ಅರಮನೆ ಕ್ಲೋಸು

ಬ್ಯಾಂಕಾಕಿಗೆ ಹೋಗೋ ಮುಂಚೆ ಮೂರು ವಾರ ಯೂಟ್ಯೂಬ್ ನೋಡಿ ಅಪ್ಪ ಅಮ್ಮಂಗೆ ನಾನೇ ಪಾಠ ಮಾಡಿದ್ದೆ, ಗ್ರ್ಯಾಂಡ್ ಪ್ಯಾಲೇಸ್ ಹತ್ರ ಯಾರಾದ್ರೂ ಬಂದು "ಇವತ್ತು ಅರಮನೆ ಕ್ಲೋಸು" ಅಂದ್ರೆ ನಂಬ್ಬೇಡಿ, ಅಲ್ಲಿನ ಆಟೋ, ಅಂದ್ರೆ ಟುಕ್‌ಟುಕ್ ಹತ್ತಿಸಿ ಹರಳಿನ ಅಂಗಡಿಗೆ ಸಾಗಿಸ್ತಾರೆ, ಅವರಿಗಲ್ಲಿ ಕಮಿಷನ್ನು ಅಂತ. ಅಮ್ಮ ಇದನ್ನ ಹಾಸನದ ಚಿಕ್ಕಮ್ಮಂಗೂ ಫೋನಲ್ಲಿ ಹೇಳಿ ಹೆದರಿಸಿಯಾಗಿತ್ತು.

ಕೊನೇ ದಿನ ಮಧ್ಯಾಹ್ನ ಪ್ಯಾಲೇಸ್ ಗೋಡೆ ಪಕ್ಕ ಬೆವರು ಒರೆಸ್ಕೊಂಡು ಗೇಟ್ ಹುಡುಕ್ತಿದ್ವಿ. ಅಮ್ಮಂಗೆ ಒಳಗಿರೋ ರಾಮಾಯಣದ ಗೋಡೆ ಚಿತ್ರ ನೋಡೋ ಆಸೆ, 178 ಚಿತ್ರ ಇದೆ. (ಅಲ್ಲಿನ ಕತೇಲಿ ಹನುಮಂತ ಬ್ರಹ್ಮಚಾರಿ ಅಲ್ಲ, ಮತ್ಸ್ಯಕನ್ಯೆಯನ್ನೂ ಬಿಟ್ಟಿಲ್ಲದ ರಸಿಕ ಅನ್ನೋದನ್ನ ನಾನು ಬೇಕಂತ್ಲೇ ಹೇಳಿರ್ಲಿಲ್ಲ.) ಇಸ್ತ್ರಿ ಮಾಡಿದ ಬಿಳಿ ಶರ್ಟು, ಕತ್ತಲ್ಲಿ ಐಡಿ ಕಾರ್ಡು, ಥೇಟ್ ನಮ್ಮ ಹೈಸ್ಕೂಲ್ ಹೆಡ್‌ಮಾಸ್ಟ್ರ ಹಂಗಿದ್ದ ಒಬ್ರು ಬಂದು ನನ್ನ ಮೊಣಕಾಲು ನೋಡಿ "ಚಡ್ಡೀಲಿ ಒಳಗೆ ಬಿಡಲ್ಲ" ಅಂದ್ರು. ಅದು ನಿಜಾನೇ, ನಂಗೂ ಗೊತ್ತಿತ್ತು, ಆದ್ರೂ ಹಾಕ್ಕೊಂಡು ಬಂದಿದ್ದೆ. "ಈಗ ಒಳಗೆ ಪೂಜೆ ನಡೀತಿದೆ, ಎರಡು ಗಂಟೆ ಮೇಲೆ ಬನ್ನಿ, ಅಲ್ಲೀವರ್ಗೂ ಟುಕ್‌ಟುಕ್ಕಲ್ಲಿ ಊರು ನೋಡಿ, ಮೂರು ಜನಕ್ಕೂ ಸೇರಿ 40 ಬಾತ್." ಕ್ಲೋಸು ಅನ್ಲೇ ಇಲ್ವಲ್ಲ! ಪೂಜೆ ಅಂದ್ರು. ನಾನು ತಲೆ ಕೆರ್ಕೊಳ್ಳೋಷ್ಟ್ರಲ್ಲಿ ಅಮ್ಮ ಟುಕ್‌ಟುಕ್ಕಲ್ಲಿ ಕೂತಾಗಿತ್ತು.

ಹರಳಿನ ಅಂಗಡೀಲಿ ಅಮ್ಮ ಗೆದ್ರು. ಆ ಹುಡುಗಿ ನೀಲ ತೋರಿಸಿದ್ದೇ ತಡ, "ನೀಲ ಎಲ್ರಿಗೂ ಆಗಿಬರಲ್ಲ, ಜಾತಕ ತೋರಿಸ್ಬೇಕು, ಇವಳಿಗೆ ಇಂಗ್ಲೀಷಲ್ಲಿ ಹೇಳು" ಅಂದ್ರು, ನಾನು ಹೇಳ್ದೆ, ಅವಳು ಟ್ರೇ ಎತ್ತಿಟ್ಲು. ಟೈಲರ್ ಅಂಗಡೀಲಿ ಅಪ್ಪ ಸೋತ್ರು. ಹತ್ತು ನಿಮಿಷ ಬೆದರುಬೊಂಬೆ ಥರ ಕೈ ಚಾಚ್ಕೊಂಡು ಸೂಟಿಗೆ ಅಳತೆ ಕೊಟ್ಟು, ರೇಟ್ ಕೇಳಿ, ಇಷ್ಟು ಅಳೆಸ್ಕೊಂಡು ಬರಿಗೈಲಿ ಹೋಗೋದು ಹೆಂಗೆ ಅಂತ ಒಂದು ಟೈ ತಗೊಂಡ್ರು. ಜನ್ಮದಲ್ಲೇ ಟೈ ಕಟ್ಟಿದವರಲ್ಲ. ಅದೀಗ ನಮ್ಮ ಸೂಟ್‌ಕೇಸ್ ಹಿಡಿಗೆ ಗುರುತಿಗೆ ಅಂತ ನೇತಾಡ್ತಿದೆ.

ಬೀದೀಲಿ ಆನೆ ಚಿತ್ರದ ಪೈಜಾಮ ಕೊಂಡು ಚಡ್ಡಿ ಮೇಲೇ ಏರಿಸ್ಕೊಂಡು ವಾಪಸ್ ಗೇಟಿಗೆ ಬಂದಾಗ ಮೂರು ಮುಕ್ಕಾಲು. ಮೂರೂವರೆಗೇ ಟಿಕೆಟ್ ಕೌಂಟರ್ ಮುಚ್ಚಿತ್ತು. ಯೂನಿಫಾರ್ಮಲ್ಲಿದ್ದ ಗಾರ್ಡು "ಕ್ಲೋಸ್ಡ್" ಅಂದ.

"ನಂಬ್ಬೇಡ್ವೋ, ಮೋಸ" ಅಂದ್ರು ಅಪ್ಪ.

ರಾತ್ರಿ ಫ್ಲೈಟು, ಇನ್ನೇನ್ ಮಾಡೋದು, ಪಕ್ಕದ ವಾಟ್ ಫೋ ದೇವಸ್ಥಾನಕ್ಕೆ ಹೋದ್ವಿ. 46 ಮೀಟರ್ ಉದ್ದಕ್ಕೆ ಬಂಗಾರದ ಬುದ್ಧ ಮಲಗಿದಾನೆ, ಇಡೀ ಬುದ್ಧ ಒಂದು ಫೋಟೋದಲ್ಲಿ ಹಿಡಿಸಲ್ಲ, ಅಪ್ಪ ಬರೀ ಪಾದ ತೆಗ್ದು ಫ್ಯಾಮಿಲಿ ಗ್ರೂಪಿಗೆ ಹಾಕಿದ್ರು. ಬೆನ್ನ ಕಡೆ ಸಾಲಾಗಿ 108 ಕಂಚಿನ ಪಾತ್ರೆ, ಅಲ್ಲೇ ನೋಟು ಕೊಟ್ಟು ಚಿಲ್ಲರೆ ತಗೊಂಡು ಒಂದೊಂದಕ್ಕೂ ಒಂದು ನಾಣ್ಯ ಹಾಕ್ತಾ ಹೋಗ್ಬೇಕು, ಠಣ್, ಠಣ್. ಅಮ್ಮ ಜೋರಾಗಿ ಎಣಿಸ್ಕೊಂಡೇ ಹೊರಟ್ರು. ನೂರಾ ಒಂದಕ್ಕೆ ಚಿಲ್ಲರೆ ಖಾಲಿ.

"ಇಲ್ಲೂ ಕಮ್ಮಿ ಕೊಟ್ಟಿದಾನೆ ನೋಡು" ಅಂತ ಗೊಣಗ್ತಾ ಸೊಂಟದ ಪರ್ಸ್ ಬಿಚ್ಚಿ, ಉಳಿದ ಏಳಕ್ಕೂ ನಮ್ಮ ಒಂದೊಂದು ರೂಪಾಯೇ ಹಾಕಿದ್ರು.