ಟಿಂಬಕ್ಟೂ ಮಸೀದಿಗೆ ಸಿಮೆಂಟ್ ಬೇಡ

ಮಾಲಿ ದೇಶದ ಟಿಂಬಕ್ಟೂವಿನಲ್ಲಿರುವ ಜಿಂಗರೆಬೆರ್ ಮಸೀದಿಗೆ ವರ್ಷವರ್ಷ ಮಣ್ಣು ಮೆತ್ತುವ ಬದಲು ಒಂದೇ ಸಲ ಸಿಮೆಂಟ್ ಗಿಲಾವು ಮಾಡಿ ಮುಗಿಸಬಾರದೇ ಅನ್ನುವವರಿದ್ದಾರೆ. ಹಾಗೆ ಮಾಡಿದರೆ ಮಸೀದಿಯೇ ಮುಗಿಯುತ್ತದೆ.

ಹಸಿ ಇಟ್ಟಿಗೆಯ ಗೋಡೆ ನೀರು ಹೀರುತ್ತದೆ, ಬಿಸಿಲು ಬಿದ್ದಾಗ ಬಿಟ್ಟುಕೊಡುತ್ತದೆ. ಸಿಮೆಂಟ್ ಹೊದಿಸಿದರೆ ಆ ದಾರಿ ಮುಚ್ಚಿತು. ಗಿಲಾವು ಎಲ್ಲೋ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ, ನೀರು ಒಳಗೆ ಇಳಿಯುತ್ತದೆ, ಹಿಂದಿನ ಇಟ್ಟಿಗೆ ಕೆಸರಾಗುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಒಂದು ದಿನ ಹಲಗೆಯಂತೆ ಕಳಚಿ ಬಿದ್ದಾಗಲೇ ಗೊತ್ತಾಗುವುದು.

ಮಣ್ಣಿನ ಗಿಲಾವಿನಲ್ಲಿ ಸವೆಯುವುದು ಮೇಲಿನ ಪದರ ಮಾತ್ರ. ಅದು ಸವೆಯಲೆಂದೇ ಇರುವುದು. ಮಣ್ಣಿಗೆ ಹೊಟ್ಟು, ಹುಲ್ಲು ಸೇರಿಸಿ, ನೀರು ಹಾಕಿ ತುಳಿದು, ಕೆಲವು ದಿನ ಕೊಳೆಯಲು ಬಿಡಬೇಕು. ಕೊಳೆತಷ್ಟೂ ಅಂಟು ಜಾಸ್ತಿ, ಬಿರುಕು ಕಡಿಮೆ. ಆಮೇಲೆ ಕೈಯಲ್ಲೇ ಮೆತ್ತುವುದು. ಮಿನಾರಿನಿಂದ ಹೊರಚಾಚಿದ ಮರದ ತುಂಡುಗಳು ಬರೀ ಅಲಂಕಾರಕ್ಕಲ್ಲ, ಮೇಸ್ತ್ರಿಗಳು ಹತ್ತಿ ನಿಲ್ಲಲು ಅವೇ ಅಟ್ಟಣಿಗೆ.

ನಿಜವಾದ ತಲೆನೋವು ಮಾಳಿಗೆ. ನಮ್ಮ ಬಯಲುಸೀಮೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ತಾಳೆಮರದ ತೊಲೆ, ಅದರ ಮೇಲೆ ಚಾಪೆ, ಅದರ ಮೇಲೆ ಮಣ್ಣು. ಅಲ್ಲಿ ವರ್ಷಕ್ಕೆ ಬೀಳುವ ಮಳೆ 200 ಮಿ.ಮೀ. ಆಸುಪಾಸು ಅಷ್ಟೇ, ಆದರೆ ಬಹುಪಾಲು ಜುಲೈನಿಂದ ಸೆಪ್ಟೆಂಬರ್‌ವರೆಗೆ ಒಮ್ಮೊಮ್ಮೆ ರಪ್ಪನೆ ಸುರಿಯುತ್ತದೆ. ಗಾಳಿ ತಂದ ಮರಳು ನೀರು ಹೋಗುವ ದೋಣಿಯಲ್ಲಿ ಕೂತಿದ್ದರೆ ಮಾಳಿಗೆ ಕೆರೆಯಾಗುತ್ತದೆ. ಸೋರಿತೆಂದು ಹಳೆಯ ಪದರದ ಮೇಲೇ ಇನ್ನೊಂದು ಪದರ ಹಾಕಿದರೆ ಭಾರ ಏರುತ್ತದೆ, ಗೆದ್ದಲು ತಿಂದ ತೊಲೆ ಬಾಗುತ್ತದೆ, ಬಾಗಿದ ಕಡೆಯೇ ಮತ್ತೆ ನೀರು ನಿಲ್ಲುತ್ತದೆ. ಹಳೆಯದನ್ನು ಕೆರೆದು ತೆಗೆದು, ದೋಣಿಯ ಕಡೆಗೆ ಇಳಿಜಾರು ಕೊಟ್ಟೇ ಹೊಸದು ಹಾಕಬೇಕು. ಗೋಡೆಯ ಬುಡದ ಮರಳನ್ನೂ ಎತ್ತಬೇಕು, ತೇವ ಹಿಡಿದಿಡುವುದು ಅದೇ.

ಈ ಮಸೀದಿ 1327ರ ಸುಮಾರಿಗೆ ಮಾಲಿಯ ದೊರೆ ಮಾನ್ಸಾ ಮೂಸಾ ಕಟ್ಟಿಸಿದ್ದು, 16ನೇ ಶತಮಾನದಲ್ಲಿ ಊರಿನ ಖಾಜಿ (ನ್ಯಾಯಾಧೀಶ) ಅಲ್-ಆಕಿಬ್ ಮತ್ತೆ ಕಟ್ಟಿಸಿದ್ದು. 1960ರ ದಶಕದಲ್ಲಿ ಉತ್ತರದ ಗೋಡೆಯ ಒಂದು ಭಾಗಕ್ಕೆ ಸುಣ್ಣಕಲ್ಲು ಬಂತು. ಹೀಗಿರುವಾಗ 'ಮೂಲ ಗೋಡೆ ಯಾವುದು' ಎಂದು ಹುಡುಕುವುದೇ ದಂಡ. 2012ರಲ್ಲಿ ಬಂಡುಕೋರರು ಮಸೀದಿಗೆ ಅಂಟಿಕೊಂಡಿದ್ದ ಗೋರಿಗಳನ್ನು ಕೆಡವಿದರು. ಆ ಊರಿನ ಗೋರಿಗಳನ್ನು ಕೆಡವಿಸಿದ್ದಕ್ಕೆ 2016ರಲ್ಲಿ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯ ಒಬ್ಬನಿಗೆ 9 ವರ್ಷ ಶಿಕ್ಷೆ ಕೊಟ್ಟಿತು. ಗೋರಿಗಳು ಅಷ್ಟರಲ್ಲೇ ಮತ್ತೆ ಎದ್ದಿದ್ದವು. ಕಟ್ಟಿದವರು ಅದೇ ಊರಿನ ಮೇಸ್ತ್ರಿಗಳು. ದುಡ್ಡು ಕೊಡುವವರು ಸಿಮೆಂಟ್ ಮೂಟೆಯ ಲೆಕ್ಕ ಬಿಟ್ಟು ಇವರ ಕೂಲಿಗೆ, ಇವರ ಕೈಕೆಳಗೆ ಕಲಿಯುವ ಹುಡುಗರ ಕೂಲಿಗೆ, ಒಳ್ಳೆಯ ತೊಲೆಗೆ ಕೊಡಲಿ. ಅದೂ ಪ್ರತಿ ವರ್ಷ, ಜೂನ್ ಮುಗಿಯುವುದರೊಳಗೆ.